ಬೆಳ್ಳಿ ಗುಂಡಿ

ಯಾರು ಏನು ನುಂಗಿದರೆ ಏನು ಮಾಡಬೇಕೆಂಬ ಮಾಹಿತಿಯನ್ನು ಆಸ್ಪತ್ರೆಗಳೆಲ್ಲ ಹಂಚಿಕೊಳ್ಳಲು ಸಾಫ್ಟ್‌ವೇರ್ ಬೇಕಿತ್ತು. ಮೂರರಲ್ಲಿ ಒಂದನ್ನು ಆರಿಸಲು ಕೂತ ಹಿರಿಯ ನರ್ಸಿಗೆ ತಲೆ ಚಿಟ್ಟು ಹಿಡಿದಿತ್ತು.

ಗಡಿಯಾರದ ಪುಟ್ಟ ದುಂಡು ಬ್ಯಾಟರಿಯನ್ನು ಗಾಬರಿಬಿದ್ದ ತಾಯಂದಿರು ಬೆಳ್ಳಿ ಗುಂಡಿ ಎನ್ನುತ್ತಾರೆ. ಅವರು ಹೇಳುವಂತೆಯೇ, "ಮಗು ಬೆಳ್ಳಿ ಗುಂಡಿ ನುಂಗಿದೆ" ಎಂದು ಟೈಪ್ ಮಾಡಿದಳು. ಮೊದಲನೆಯದು ಏನೂ ಸಿಗಲಿಲ್ಲ ಎಂದಿತು. ಎರಡನೆಯದು ಬೆಳ್ಳಿ ಪಾಲಿಶ್ ತೋರಿಸಿತು, ಮೂರನೆಯದು ಅಂಗಿಯ ಗುಂಡಿ.

"ಜನ ಆಡೋ ಮಾತು ಇವಕ್ಕೆ ಗೊತ್ತಾಗಲ್ವಾ?" ಎಂದು ಕಂಪ್ಯೂಟರ್ ವಿಭಾಗದವನನ್ನು ಕೇಳಿದಳು.

"ಆ ಮಾತುಗಳನ್ನ ನೀವು ಬರೆದು ಸೇರಿಸಿದ್ರೆ ಮೂರಕ್ಕೂ ಗೊತ್ತಾಗುತ್ತೆ, ಸಿಸ್ಟರ್."

"ಹಾಗಾದ್ರೆ ನಾನು ಆರಿಸ್ತಿರೋದು ಏನನ್ನ?"

ಕೊನೆಗೆ ಅವಳು ಮೊದಲನೆಯದನ್ನೇ ಆರಿಸಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಅದಾದರೂ ಒಪ್ಪಿಕೊಂಡಿತ್ತಲ್ಲ. ಮಾಡಿದ್ದು ಸರಿಯೋ ತಪ್ಪೋ, ಮನೆ ಮುಟ್ಟುವವರೆಗೂ ಬಗೆಹರಿಯಲಿಲ್ಲ.