ತಂಗಿಯ ಜಡೆ

"ಪೂರ್ತಿ ಗಿಡ್ಡ ಮಾಡಿಬಿಡು, ಅಪ್ಪ," ಎನ್ನುತ್ತ ಮಗಳು ಗಿರಾಕಿಗಳ ಕುರ್ಚಿಯಲ್ಲಿ ಕೂತಾಗ ಕ್ಷೌರಿಕ ನಕ್ಕುಬಿಟ್ಟ. ಮಧ್ಯಾಹ್ನದ ಹೊತ್ತು, ಅಂಗಡಿ ಖಾಲಿಯಿತ್ತು.

"ನಿಮ್ಮಮ್ಮ ಮೊದಲು ನನ್ನ ತಲೆ ಬೋಳಿಸ್ತಾಳೆ."

"ಸೈನ್ಯದ ಆಸ್ಪತ್ರೆಗೆ ದಾದಿಯಾಗಿ ಸೇರಿದ್ದೀನಿ. ನಾಳೆ ಹೊರಡಬೇಕು. ಉದ್ದ ಕೂದಲು ಇರಬಾರದಂತೆ."

ಅವನ ನಗು ಇಂಗಿತು. ಯುದ್ಧ ಇನ್ನೂ ನಿಂತಿರಲಿಲ್ಲ. ಮಗ ಸತ್ತು ವರ್ಷ ತುಂಬಿರಲಿಲ್ಲ. ಸೈನ್ಯಕ್ಕೆ ಹೋಗುವ ಮೊದಲು ಅವನೂ ಇಲ್ಲೇ ಕತ್ತರಿ ಹಿಡಿದವನು. ಗಿರಾಕಿಯ ಅರ್ಧ ಮೀಸೆ ತೆಗೆದು, ಹೇಳುತ್ತಿದ್ದ ಕಥೆ ಮುಗಿಯುವವರೆಗೆ ಉಳಿದರ್ಧ ಮುಟ್ಟುತ್ತಿರಲಿಲ್ಲ. ಜನ ಬೈದುಕೊಂಡೇ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು. ಈಗ ಬರುವವರು ಬಾಯಿ ಬಿಡದೆ ಕೂತು, ಎದ್ದು ಹೋಗುತ್ತಾರೆ.

"ಒಬ್ಬನ್ನ ಕೊಟ್ಟಿದ್ದು ಸಾಲದಾ? ಅಲ್ಲಿ ಹೋಗಿ ನೀನೇನು ಕಡಿದು ಕಟ್ಟೆ ಹಾಕ್ತೀಯ? ನಿಮ್ಮಣ್ಣನಿಗೆ ಯಾವ ದಾದಿಯೂ ಬೇಕಾಗಲಿಲ್ಲ. ಗುಂಡು ಬಿತ್ತು, ಕಣ್ಣು ಮುಚ್ಚಿದ. ಅವನ ಗೆಳೆಯನೇ ಮನೆಗೆ ಬಂದು ಹೇಳಿ ಹೋದನಲ್ಲ."

"ಹಾಗೆ ಹೇಳಪ್ಪ ಅಂತ ಅವನನ್ನ ಬಾಗಿಲಲ್ಲೇ ತಡೆದು ಬೇಡಿಕೊಂಡವಳು ನಾನು." ಮಗಳು ಕನ್ನಡಿಯಲ್ಲಿ ಅಪ್ಪನ ಮುಖ ನೋಡಲಿಲ್ಲ. "ಗುಂಡು ಬಿದ್ದಿದ್ದು ತೊಡೆಗೆ. ರಕ್ತ ನಿಲ್ಲಿಸೋದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಜೆವರೆಗೂ ಮಾತಾಡ್ತಾನೇ ಇದ್ದನಂತೆ."

"ಏನು ಮಾತಾಡಿದ?"

ಕೇಳಿದ್ದು ಕ್ಷೌರಿಕನಲ್ಲ. ಮನೆಗೂ ಅಂಗಡಿಗೂ ನಡುವಿನ ಪರದೆ ಹಿಡಿದು ಅವನ ಹೆಂಡತಿ ನಿಂತಿದ್ದಳು.

ಮಗಳು ಏಳಲು ಹೋದಳು. "ಕೂತ್ಕೋ. ಏನಂದ ಹೇಳು," ಎಂದು ತಾಯಿ ತಡೆದಳು.

"ನಿನ್ನನ್ನ ಕರೀತಿದ್ದನಂತೆ, ಅಮ್ಮ. ಗೆಳೆಯ ಅತ್ತಾಗ ಅವನನ್ನೇ ನಗಿಸ್ತಿದ್ದನಂತೆ."

"ನಗಿಸಿರ್ತಾನೆ," ಎಂದಳು ತಾಯಿ. ಆಮೇಲೆ ಗೋಡೆಗೆ ಒರಗಿಕೊಂಡಳು.

"ನೀನಾದರೂ ಇವಳಿಗೆ ಬುದ್ಧಿ ಹೇಳೇ," ಎಂದ ಕ್ಷೌರಿಕ.

ಅವಳು ಬಾಚಣಿಗೆ ತೆಗೆದುಕೊಂಡು ಮಗಳ ಕೂದಲು ಬಿಚ್ಚಿದಳು. ಸಿಕ್ಕು ಬಿಡಿಸಿ, ಶಾಲೆಗೆ ಕಳಿಸುತ್ತಿದ್ದ ಕಾಲದಂತೆ ಬಿಗಿಯಾಗಿ ಹೆಣೆದಳು. "ತಲೆ ನೆಟ್ಟಗಿಟ್ಕೋ, ಕೋತಿ," ಎಂದು ಗದರಿದಳು ಕೂಡ. ಬಿಚ್ಚಿಹೋಗದಂತೆ ಮೇಲೊಂದು, ಕೆಳಗೊಂದು ಗಂಟು ಹಾಕಿ, ಜಡೆ ಎತ್ತಿ ಹಿಡಿದಳು.

"ಹೂಂ, ಕತ್ತರಿಸಿ. ನನ್ನ ಮನಸ್ಸು ಬದಲಾಗೋ ಮೊದಲು."

ಜಡೆ ದಪ್ಪವಾಗಿತ್ತು. ಕತ್ತರಿ ಒಂದೇ ಸಲಕ್ಕೆ ಕಚ್ಚಲಿಲ್ಲ. ಅವನು ಕಣ್ಣೊರೆಸಿಕೊಂಡು ಮತ್ತೆ ಹಿಡಿಯಬೇಕಾಯಿತು.

ಬಿಸಿಲೇ ಕಾಣದ ಮಗಳ ಕತ್ತು ಎಳೆಗೂಸಿನದರಂತೆ ತೆಳುವಾಗಿ ಕಂಡಿತು. ತಾಯಿ ಅದರ ಮೇಲೆ ಅಂಗೈ ಇಟ್ಟಳು, ತೆಗೆಯಲಿಲ್ಲ.