ದಾರ ಹಿಡಿದು ಅಳೆದ ಟ್ರ್ಯಾಕ್ಟರು

ಬಾಳಕ್ಕನಿಗೆ ಅಂಕಿಗಳ ಮೇಲಿನ ನಂಬಿಕೆ ಹೋಗಿ ವರ್ಷಗಳೇ ಆಗಿದ್ದವು. ಎಮ್ಮೆಗಳ ಕೊಟ್ಟಿಗೆಗೆ ತಗಡು ಹಾಕಿಸುವಾಗ ಅವಳು ಹೇಳಿದ ಅಳತೆ ಒಂದು, ಗಡಹಿಂಗ್ಲಜದ ಅಂಗಡಿಯವನು ಬರೆದುಕೊಂಡದ್ದು ಒಂದು, ಕೊನೆಗೆ ಕತ್ತರಿಸಿ ಕಳಿಸಿದ್ದು ಇನ್ನೊಂದು. ಇವತ್ತಿಗೂ ಮಳೆ ಬಂದರೆ ಕೊನೆಯ ಎಮ್ಮೆ ನೆನೆಯುತ್ತದೆ. ಅಂದಿನಿಂದ ರವಿಕೆಯಿರಲಿ, ಬಾಗಿಲಿರಲಿ, ಅವಳು ದಾರ ಹಿಡಿದು ಅಳೆದು, ಗಂಟು ಹಾಕಿ, ಆ ದಾರವನ್ನೇ ಕಳಿಸುತ್ತಿದ್ದಳು. ಅಂಕಿ ಬಾಯಿಂದ ಬಾಯಿಗೆ ಹೋಗುತ್ತ ಬದಲಾಗುತ್ತದೆ, ದಾರಕ್ಕೆ ಬಾಯಿಯೇ ಇಲ್ಲವಲ್ಲ ಎಂಬುದು ಅವಳ ವಾದ.

ಈ ಸಲ ಅಳೆಯಬೇಕಾದದ್ದು ಟ್ರ್ಯಾಕ್ಟರಿನ ಹಿಂಭಾಗ.

ಗಂಡ ತೀರಿಕೊಂಡ ಮೇಲೆ ಕಬ್ಬು, ಎಮ್ಮೆ, ಅತ್ತೆ ಅಕ್ಕವ್ವ, ಎಲ್ಲವನ್ನೂ ಅವಳೇ ನೋಡಿಕೊಂಡು ಬಂದಿದ್ದಳು. ಕಬ್ಬಿನ ಸಾಲಿನ ನಡುವೆ ಹಾಯುವಂಥ ಸಣ್ಣ ಟ್ರ್ಯಾಕ್ಟರನ್ನು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಓಡಿಸುತ್ತಿದ್ದಳು. ಆದರೆ ಹುಲ್ಲು ಕೊಯ್ದು ಕೊಯ್ದು ಬಲಭುಜ ಕೈಕೊಟ್ಟಿತ್ತು. ಸ್ಟೇರಿಂಗು ಎಡಗೈಯಲ್ಲೂ ತಿರುಗುತ್ತದೆ, ಕುಡುಗೋಲು ಕೇಳುವುದಿಲ್ಲ. ಇನ್ನು ಹುಲ್ಲು ಕೊಯ್ಯಬಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದನ್ನು ಎಮ್ಮೆಗಳಿಗೆ ತಿಳಿಸಿ ಹೇಳುವ ಡಾಕ್ಟರು ಮಾತ್ರ ಸಿಕ್ಕಿರಲಿಲ್ಲ.

ಎಮ್ಮೆ ವ್ಯಾಪಾರಿ ಜಯಪಾಲ ಬಂದು ನೋಡಿ ಹೋಗಿದ್ದ. ಸೋಮವಾರ ದನ ಮನೆ ದಾಟಿಸುವ ಪದ್ಧತಿ ಇಲ್ಲದ್ದರಿಂದ ಮಂಗಳವಾರ ಸಂಜೆ ಗಾಡಿ ತರುವುದೆಂದು ಮಾತಾಗಿತ್ತು. ಅಷ್ಟರೊಳಗೆ ಯಂತ್ರದಿಂದ ಹುಲ್ಲು ಕೊಯ್ಯುವಂತಾದರೆ ಎಮ್ಮೆಗಳು ಉಳಿಯುತ್ತವೆ, ಇಲ್ಲವಾದರೆ ಅವನ ಗಾಡಿ ಹತ್ತುತ್ತವೆ. ಪ್ರತಿಯೊಂದಕ್ಕೂ ಹೆಸರಿಟ್ಟವಳು ಬಾಳಕ್ಕನೇ. ಅದನ್ನು ನೆನೆದರೆ ಅವಳಿಗೆ ಭುಜಕ್ಕಿಂತ ಎದೆ ಹೆಚ್ಚು ನೋಯುತ್ತಿತ್ತು.

ಯಂತ್ರವೇನೋ ಸಿಕ್ಕಿತ್ತು. ಜಯಸಿಂಗಪುರದ ಅವಳ ಅಣ್ಣ ದಾದಾಸಾಹೇಬ ತನ್ನ ದೊಡ್ಡ ಟ್ರ್ಯಾಕ್ಟರನ್ನು ಮಾರಿದಾಗ ಅದರ ಬೆನ್ನಿಗಿದ್ದ ಹುಲ್ಲಿನ ಮಷಿನ್ನನ್ನು ತಂಗಿಗೆ ಕೊಟ್ಟಿದ್ದ. ಆದರೆ ದೊಡ್ಡದರ ಮಷಿನ್ನು ಸಣ್ಣದಕ್ಕೆ ಕೂಡುವುದಿಲ್ಲ. ಸಣ್ಣ ಟ್ರ್ಯಾಕ್ಟರಿನ ಹಿಂದಿನ ಎರಡು ತೋಳುಗಳು ಹತ್ತಿರ ಹತ್ತಿರ, ಪಿನ್ನು ಸಪೂರ. ಮಷಿನ್ನಿನದು ಎಲ್ಲವೂ ದೂರ, ಎಲ್ಲವೂ ದಪ್ಪ. ನಡುವೆ ಒಂದು ಕಬ್ಬಿಣದ ಚೌಕಟ್ಟು ಬೇಕು, ಅದು ಒಂದು ಮಗ್ಗುಲಿಗೆ ಟ್ರ್ಯಾಕ್ಟರನ್ನೂ ಇನ್ನೊಂದು ಮಗ್ಗುಲಿಗೆ ಮಷಿನ್ನನ್ನೂ ಹಿಡಿಯಬೇಕು. ಕೊಲ್ಹಾಪುರದ ಪಕ್ಕದ ಶಿರೋಳಿಯಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟಿದ್ದ ಅವಳ ತಂಗಿಯ ಮಗ ನಿಲೇಶ ತಾನು ಮಾಡಿಕೊಡುವುದಾಗಿ ಹೇಳಿದ. ಮಷಿನ್ನು ನೇರವಾಗಿ ಅವನ ಶೆಡ್ಡಿಗೇ ಹೋಗಿ ಇಳಿಯಿತು. ಟ್ರ್ಯಾಕ್ಟರಿನ ಅಳತೆಯನ್ನು ಫೋನಿನಲ್ಲಿ ಹೇಳು ಎಂದು ಅವನು ಅಂದರೆ, ಅವನು ಮಾವಶಿ ಎಂದು ಕರೆಯುವ ದೊಡ್ಡಮ್ಮ ದಾರ ಕಳಿಸುತ್ತೇನೆ ಅಂದಳು.

ಕೊರೋಚಿಯ ಮಗ್ಗದ ನೆಂಟರು ಕೊಟ್ಟ ಬಿಳಿ ನೂಲಿನ ಹುರಿ ಮನೆಯಲ್ಲಿತ್ತು. ತೋಳಿನಿಂದ ತೋಳಿಗೆ ಹಿಡಿದು ಒಂದು ಗಂಟು, ತೋಳಿನಿಂದ ಮೇಲಿನ ಕೊಂಡಿಗೆ ಹಿಡಿದು ಇನ್ನೊಂದು. ಅದನ್ನು ಕಾಗದದಲ್ಲಿ ಸುತ್ತಿ, ಕಳೆಯಬಾರದೆಂದು ದೇವರ ಗೂಡಿನಲ್ಲಿಟ್ಟಳು. ಮುಂಜಾನೆ ಕೊಲ್ಹಾಪುರಕ್ಕೆ ಹೊರಟ ಹಾಲಿನ ಗಾಡಿ ಹಾರ್ನು ಹೊಡೆದಾಗ ಪುಡಿಕೆ ತೆಗೆದು ಡ್ರೈವರನ ಕೈಗಿಟ್ಟಳು. ಗೂಡಿನಲ್ಲಿ ಏನಿಟ್ಟಿದ್ದೇನೆಂದು ಅತ್ತೆಗೆ ಹೇಳಿರಲಿಲ್ಲ. ಅಕ್ಕವ್ವನಿಗೆ ಕಿವಿ ಕೇಳುವುದಿಲ್ಲವೆಂದು ಊರಿಗೇ ಗೊತ್ತು. ಅವಳಿಗೊಂದು ಮಾತು ಹೇಳುವುದೆಂದರೆ ಓಣಿಗೆಲ್ಲ ಹೇಳಿದ ಹಾಗೆ. ಬರಬರುತ್ತ ಬಾಳಕ್ಕ ಅವಳಿಗೆ ಏನನ್ನೂ ಹೇಳುವುದನ್ನೇ ಬಿಟ್ಟಿದ್ದಳು.

ಮರುದಿನ ನಿಲೇಶ ಫೋನು ಮಾಡಿ, ಇಷ್ಟು ಇಕ್ಕಟ್ಟಿನ ಟ್ರ್ಯಾಕ್ಟರನ್ನು ತಾನು ಕಂಡೇ ಇಲ್ಲ ಎಂದ. ಬಾಳಕ್ಕನಿಗೆ ಸಿಟ್ಟು ಬಂತು. ದಾರ ಸುಳ್ಳು ಹೇಳುವುದಿಲ್ಲ, ಗಂಟಿಗೆ ಸರಿಯಾಗಿ ಕೊಯ್ಯಿ ಎಂದು ಫೋನಿಟ್ಟಳು. ದಾರಕ್ಕೆ ವಿಭೂತಿಯ ವಾಸನೆ ಇದ್ದದ್ದೂ ಅವನ ಮೂಗಿಗೆ ಬಂದಿತ್ತಂತೆ. ಮಾವಶಿಯ ಮನೆಯ ಉಪ್ಪಿನಕಾಯಿಗೂ ಅದೇ ವಾಸನೆ ಎಂದುಕೊಂಡು ಸುಮ್ಮನಾದನಂತೆ.

ಮಂಗಳವಾರ ಮುಂಜಾನೆ ಅವನು ಮಷಿನ್ನು, ಚೌಕಟ್ಟು, ಜೊತೆಗೆ ತನ್ನ ವೆಲ್ಡಿಂಗ್ ಸಾಮಾನನ್ನೂ ಟೆಂಪೋದಲ್ಲಿ ಹೇರಿಕೊಂಡು ಬಂದ. ಚೌಕಟ್ಟಿಗೆ ಕೆಂಪು ಬಣ್ಣ ಬಳಿದು ಮದುಮಗಳ ಹಾಗೆ ಸಿಂಗರಿಸಿದ್ದ. ಮಷಿನ್ನಿನ ಮಗ್ಗುಲಿಗೆ ಅದು ಸೊಗಸಾಗಿ ಕೂತಿತು. ಟ್ರ್ಯಾಕ್ಟರಿನ ಮಗ್ಗುಲಿಗೆ ಹಿಡಿದರೆ ತೋಳುಗಳೆರಡೂ ಆಚೆಗೊಂದು ಈಚೆಗೊಂದು ಉಳಿದವು. ಆ ಚೌಕಟ್ಟಿಗೆ ಒಂದು ಆಡನ್ನು ಕಟ್ಟಬಹುದಿತ್ತು, ಟ್ರ್ಯಾಕ್ಟರನ್ನಲ್ಲ.

ನಿಲೇಶ ಕಿಸೆಯಿಂದ ದಾರ ತೆಗೆದು ಕೊಟ್ಟ. ಬೆವರಿಗೆ ಕಪ್ಪಾದ, ಅಂಚು ಸವೆದ, ಎರಡು ಹಳೆಯ ಗಂಟುಗಳಿದ್ದ ದಾರ. ಬಾಳಕ್ಕ ಅದನ್ನು ನೋಡಿದಳು. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಅತ್ತೆಯ ಕೊರಳನ್ನು ನೋಡಿದಳು. ಅಲ್ಲಿ ಬಿಳಿ ಹುರಿಯಲ್ಲಿ ಇಷ್ಟಲಿಂಗ ತೂಗುತ್ತಿತ್ತು, ಟ್ರ್ಯಾಕ್ಟರಿನ ಗಂಟುಗಳ ಸಮೇತ.

ಅಕ್ಕವ್ವ ಲಿಂಗ ಕಟ್ಟಿಕೊಳ್ಳುವ ಶಿವದಾರ ಹಳತಾಗಿತ್ತು. ಹಾಲಿನ ಗಾಡಿ ಬರುವ ಮೊದಲೇ ಗೂಡಿನಲ್ಲಿ ಹೊಸ ಹುರಿ ಕಂಡಾಗ ಸೊಸೆ ತನಗೇ ತರಿಸಿದ್ದಾಳೆಂದು ಖುಷಿಪಟ್ಟು ಕಟ್ಟಿಕೊಂಡಿದ್ದಳು. ಕಳಚಿದ ದಾರವನ್ನು ಕಂಡಲ್ಲಿ ಎಸೆಯುವಂತಿಲ್ಲ; ಹೊಳೆಗೆ ಬಿಡುವ ತನಕ ಇರಲೆಂದು ಅದೇ ಕಾಗದದಲ್ಲಿ ಸುತ್ತಿ ಅದೇ ಗೂಡಿನಲ್ಲಿಟ್ಟಿದ್ದಳು. ನಿಲೇಶ ಅವಳ ಕೊರಳಿನ ಅಳತೆಗೆ, ಒಂದೆಳೆ ಹೆಚ್ಚುಕಡಿಮೆಯಾಗದಂತೆ, ಕಬ್ಬಿಣ ಕೊಯ್ದಿದ್ದ.

ಟ್ರ್ಯಾಕ್ಟರು ಎದುರಿಗೇ ಇತ್ತು, ಟೇಪೂ ಇತ್ತು, ಇಲ್ಲದ್ದು ಕಬ್ಬಿಣ. ಚೌಕಟ್ಟನ್ನು ಎರಡೂ ಕಡೆ ಅಗಲಿಸಲು ತುಂಡುಗಳು ಬೇಕು. ಗಡಹಿಂಗ್ಲಜದ ಕಬ್ಬಿಣದ ಅಂಗಡಿಯವನು ಮಗಳ ಮದುವೆಗೆಂದು ಬಾಗಿಲು ಹಾಕಿದ್ದ. ನಾಳೆ ತರುತ್ತೇನೆ ಎಂದ ನಿಲೇಶ. ಅಷ್ಟರಲ್ಲಿ ಜಯಪಾಲನ ಫೋನು ಬಂತು: ಸಂಜೆಗೆ ಗಾಡಿ ಬರುತ್ತದೆ. ಮಾತು ಕೊಟ್ಟಾಗಿತ್ತು. ಬಾಳಕ್ಕ ಟ್ರ್ಯಾಕ್ಟರಿನ ಗಾಲಿಗೆ ಒರಗಿ ಕೂತಳು. ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲು ಬಲಗೈ ಮೇಲೇಳಲಿಲ್ಲ.

ಅಕ್ಕವ್ವ ಕಟ್ಟೆಯಿಂದೆದ್ದು ಒಳಗೆ ಹೋದಳು. ಏನನ್ನೋ ಎಳೆದಾಡುವ ಸದ್ದಾಯಿತು. ಸುತ್ತಿದ ಗಾದಿಯನ್ನು ಬಗಲಲ್ಲಿಟ್ಟುಕೊಂಡು ಹೊರಗೆ ಬಂದಳು.

"ನಿಲೇಶಾ, ಒಳಗ ನನ್ನ ಮಂಚ ಐತಿ, ಕಬ್ಬಿಣದ್ದು. ಸಾಲತೈತೇನ ನೋಡು."

ನಿಲೇಶ ಅವಳ ಕಿವಿಯ ಹತ್ತಿರ ಬಾಗಿ, ಹಾಗಾದರೆ ನೀನೆಲ್ಲಿ ಮಲಗುತ್ತಿ ಆಯಿ ಎಂದು ಗಂಟಲು ಹರಿಯುವಂತೆ ಕೇಳಿದ.

"ಒದರಬ್ಯಾಡ, ಕೇಳಸ್ತೈತಿ."

ಬಾಳಕ್ಕ ಎದ್ದು ನಿಂತಳು. "ಅತ್ತಿ, ನಿಮಗ ಕೇಳಸ್ತೈತೇನ್ರಿ?"

"ಮಂದ್ಯಾಗ ಗದ್ದಲದಾಗ ಕೇಳ್ಸೂದಿಲ್ಲ. ಎಲ್ಲಾ ಸುಮ್ಮಾದ ಮ್ಯಾಲ ಕೇಳಸ್ತೈತಿ. ದಿನಾ ರಾತ್ರಿ ಭುಜಾ ಹಿಡ್ಕೊಂಡು ನರಳ್ತಿ, ನಾ ಆ ಮಂಚದ ಮ್ಯಾಲ ಎದ್ದ ಕುಂದರತೇನಿ. ನಿದ್ದಿ ಬರದ ಮಂಚ ಯಾತಕ್ಕ ಬೇಕು?"

ಜನರೆದುರು ಹಲ್ಲು ಕಚ್ಚಿಕೊಂಡು ದಿನ ತೆಗೆದು, ಕೇಳದವಳ ಪಕ್ಕದಲ್ಲಿ ನರಳಲು ನಾಚಿಕೆಯೇಕೆಂದು ಬಾಳಕ್ಕ ರಾತ್ರಿ ಮನಸಾರೆ ನರಳುತ್ತಿದ್ದಳು. ಅತ್ತೆಯ ಮೇಲೆ ಉಕ್ಕಿ ಬಂದ ಪ್ರೀತಿಗೆ ಏನು ಮಾಡಬೇಕೆಂದು ತಿಳಿಯದೆ ಗಾದಿಯನ್ನು ಇಸಿದುಕೊಂಡಳು.

ನಿಲೇಶ ಮಂಚದ ಪಟ್ಟಿಗಳನ್ನು ಕೊಯ್ದು, ಎರಡೆರಡು ಕೂಡಿಸಿ ಬೆಸೆದು, ಚೌಕಟ್ಟಿನ ಎರಡೂ ಕಡೆ ಹಚ್ಚಿದ. ಮಂಚ ಹಸಿರು ಬಣ್ಣದ್ದು. ಕೆಂಪು ಚೌಕಟ್ಟಿಗೆ ಹಸಿರು ಕಿವಿ ಮೂಡಿದಂತಾಯಿತು. ಪಿನ್ನುಗಳು ಸಲೀಸಾಗಿ ಹೊಕ್ಕವು.

ಜಯಪಾಲ ಬಂದಾಗ ಬಾಳಕ್ಕ ಹೊಲದಲ್ಲಿದ್ದಳು. ಎಡಗೈ ಸ್ಟೇರಿಂಗಿನ ಮೇಲೆ, ಬಲಗೈ ಮಡಿಲಲ್ಲಿ, ಹಿಂದೆ ಹುಲ್ಲು ಸಾಲುಸಾಲಾಗಿ ಮಲಗುತ್ತಿತ್ತು. ಅವನು ಬದುವಿನ ಮೇಲೆ ನಿಂತು ನೋಡಿದ, ಅಕ್ಕವ್ವ ಕೊಟ್ಟ ಚಹಾ ಕುಡಿದ, ಖಾಲಿ ಗಾಡಿ ತಿರುಗಿಸಿಕೊಂಡು ಹೋದ.

ಮಬ್ಬುಗತ್ತಲಾದ ಮೇಲೆ ಬಾಳಕ್ಕ ಹಳೆಯ ದಾರವನ್ನು ಕಾಗದದಲ್ಲಿ ಸುತ್ತಿ ಗೂಡಿನಲ್ಲಿಟ್ಟಳು. ತಿರುಗಿ ಹೊರಟವಳು ನಿಂತಳು. ನೆಲದ ಮೇಲೆ ಗಾದಿ ಹಾಸಿಕೊಳ್ಳುತ್ತಿದ್ದ ಅತ್ತೆಯ ಹತ್ತಿರ ಬಂದು ಕೂತಳು.

"ಅತ್ತಿ, ಗೂಡಿನ್ಯಾಗ ದಾರ ಇಟ್ಟೇನ್ರಿ. ನಾಳಿ ಹೊಳಿಗೆ ಬಿಡೂದೈತಿ."

"ಹಿಂಗ ಹೇಳಿದ್ರ ನಾ ಯಾಕ ಮುಟ್ಟಲಿ?" ಅಂದಳು ಅಕ್ಕವ್ವ. ಅಂದು, ಗಾದಿಯ ಮೇಲೆ ಸೊಸೆಗೂ ಜಾಗ ಬಿಟ್ಟು ಸರಿದು ಮಲಗಿದಳು.