ಕಾನ್ವೆಂಟಿಗೆ ಬಂದ ಮಿಷನ್

ಉಳವಿಯ ಹತ್ತಿರ ಒಂದು ಹಳೇ ಕಾನ್ವೆಂಟಿದೆ. ಸಿಸ್ಟರುಗಳು ಯಾವಾಗಲೋ ಬಿಟ್ಟುಹೋದ ಆ ಮನೆಗೆ ನಾನು ಮಿಷನ್ ಸೇವೆಗೆಂದು ಶಿಕಾರಿಪುರದಿಂದ ಬಂದಾಗ, ಅಜ್ಜಿಯ ಕಥೆಯಲ್ಲಿ ಏಳು ಬಾಗಿಲು ದಾಟಿದರೆ ಸಿಗುವ ಅರಮನೆ ಇದೇ ಅನ್ನಿಸಿತು. ಬಾಗಿಲುಗಳೇನೋ ಇದ್ದವು. ಚಿಲಕ ಮಾತ್ರ ಒಂದಕ್ಕೂ ಇರಲಿಲ್ಲ.

ಅಲ್ಲೇ ಇದ್ದುಕೊಂಡು ಊರಿನ ಹೆಂಗಸರಿಗೆ ಓದುಬರಹ ಕಲಿಸುವುದು ನನ್ನ ಕೆಲಸ. ಕಲಿಯಲು ಯಾರೂ ಬರಲಿಲ್ಲ. ಸೊರಬದಿಂದ ಮೇಲ್ವಿಚಾರಣೆಗೆ ಬಂದ ಸಿಸ್ಟರ್ ಫಿಲೋಮಿನಾ, ಈ ತಿಂಗಳೂ ಹೀಗೇ ಆದರೆ ಗೇಟಿಗೆ ಬೀಗ, ನೀನು ವಾಪಸ್ ಎಂದು ಹೇಳಿಹೋದರು. ನನಗೋ ಅರಮನೆ ಬಿಡುವ ಮನಸ್ಸಿಲ್ಲ. ಗೇಟಿಗೆ ಬೋರ್ಡು ತೂಗುಹಾಕಿದೆ: ‘ಮಿಷನ್ ಬಂದಿದೆ. ಸೇವೆ ಉಚಿತ. ಹೆಂಗಸರೆಲ್ಲ ಬನ್ನಿ.’

ಮರುದಿನವೇ ಗುಡ್ಡಮ್ಮ ಎಂಬ ಮುದುಕಿ, ಬೋರ್ಡನ್ನು ಯಾರಿಂದಲೋ ಓದಿಸಿಕೊಂಡು, ತೋಳು ಹರಿದ ಕುಪ್ಪಸ ಹಿಡಿದು ಬಂದಳು.

“ಮಿಷನ್ ಎಲ್ಲೈತೆ ತಂಗಿ?”

“ನಾನೇ ಅಜ್ಜಿ, ಮಿಷನ್ನಿನವಳು.”

ಮೇಲಿಂದ ಕೆಳಗೆ ನೋಡಿದಳು. “ನಿಂಗೆ ಸೂಜಿ ಎಲ್ಲಿ ಸಿಗಿಸ್ತಾರೆ?”

ಅವಳು ಹುಡುಕಿ ಬಂದದ್ದು ಹೊಲಿಗೆ ಮಿಷನ್ನು! ಬಂದ ಒಬ್ಬಳನ್ನೂ ಕಳೆದುಕೊಳ್ಳಬಾರದೆಂದು ಕೈಯಲ್ಲೇ ಹೊಲಿಯಲು ಕೂತೆ. ನನ್ನ ಹೊಲಿಗೆ ಘಾಟಿ ರಸ್ತೆಯ ಹಾಗೆ. ಅವಳ ಕಣ್ಣು ಅತ್ತ ಹೋಗದಿರಲೆಂದು ನಮ್ಮಜ್ಜಿ ಹೇಳುತ್ತಿದ್ದ ಕಥೆ ಶುರುಮಾಡಿದೆ: ಬಾವಿಗೆ ಬಿದ್ದ ರಾಣಿ, ಅವಳಿಗೆ ದಿನಾ ಅಡುಗೆ ಮಾಡಿ ಬಡಿಸುವ ಏಡಿ. ತೋಳು ಮುಗಿದಾಗ ರಾಣಿ ಇನ್ನೂ ಬಾವಿಯಲ್ಲೇ ಇದ್ದಳು.

ಮರುದಿನ ಗುಡ್ಡಮ್ಮ ಮತ್ತೆ ಹಾಜರು. ಹೊಲಿಗೆ ಬಿಚ್ಚಿಹೋಯಿತಂತೆ. ಜೊತೆಗೆ ಗೆಳತಿ ಬಸವಣ್ಣೆಮ್ಮನೂ ಬಂದಿದ್ದಳು. ನಾಚಿಕೊಂಡು ಮತ್ತೆ ಹೊಲಿದೆ. ರಾಣಿ ಒಂದೆರಡು ಮೆಟ್ಟಿಲು ಹತ್ತಿದಳು. ಹೀಗೆ ದಿನಾ ಬಿಚ್ಚುವುದು, ದಿನಾ ಹೊಲಿಯುವುದು. ಜಗಲಿ ತುಂಬತೊಡಗಿತು. ಕಥೆಯ ನಡುವೆ ಹಲಗೆಯ ಮೇಲೆ ಏಡಿಯ ‘ಏ’ ಬರೆದು ತೋರಿಸಿದರೆ, ಅಕ್ಷರದ ಕೊಂಡಿಯೂ ಏಡಿಯ ಕೊಂಡಿಯ ಹಾಗೇ ಇದೆ ಎಂದು ನಕ್ಕರು.

ತಿಂಗಳ ಕೊನೆಗೆ ಸಿಸ್ಟರ್ ಬೀಗ ಹಿಡಿದೇ ಬಂದರು. ಅವತ್ತೇ ಊರಲ್ಲಿ ಕೊಯ್ಲು. ಜಗಲಿಯಲ್ಲಿ ಇದ್ದದ್ದು ಗುಡ್ಡಮ್ಮ, ಕುಪ್ಪಸ ಮತ್ತು ನಾನು. ತಿಂಗಳಿಂದ ಇದೇ ತೋಳು ಹೊಲಿಯುತ್ತಿದ್ದೇನೆ, ಕಥೆ ಕೇಳಲು ಜನ ಬರುತ್ತಾರೆ ಎಂದು ಎಷ್ಟು ಹೇಳಿದರೂ ಸಿಸ್ಟರ್ ನಂಬಲಿಲ್ಲ. ಬಾಯಿಬಿಟ್ಟ ತೋಳನ್ನು ಎತ್ತಿ ನೋಡಿ, ತಿಂಗಳಿಡೀ ಒಂದು ತೋಳು ಹೊಲಿಯಲಾರದವಳು ಯಾರಿಗೆ ಏನು ಕಲಿಸಿಯಾಳು, ಬ್ಯಾಗು ತುಂಬಿಕೋ ಎಂದರು.

ಗುಡ್ಡಮ್ಮ ಎಲೆಅಡಿಕೆ ಸಂಚಿಯಿಂದ ಅಡಕತ್ತರಿ ತೆಗೆದು ಅವರ ಮುಂದಿಟ್ಟಳು.

“ಹುಡುಗಿದೇನೂ ತಪ್ಪಿಲ್ಲ ಸಿಸ್ಟರಮ್ಮ. ದಿನಾ ಮನೆಗೋಗಿ ದಾರ ಕತ್ತರಿಸ್ತಿದ್ದಿದ್ದು ನಾನೇ.”

ನಾನು ತೋಳನ್ನು ಹತ್ತಿರ ಹಿಡಿದು ನೋಡಿದೆ; ದಾರ ನೀಟಾಗಿ ತುಂಡಾಗಿತ್ತು.

“ತೋಳು ಮುಗಿದ್ರೆ ಕಥೆನೂ ಮುಗೀತದೆ. ಈ ವಯಸ್ಸಲ್ಲಿ ಅಕ್ಷರ ಕಲಿಯಾಕೆ ಹೊಂಟೆ ಅಂದ್ರೆ ಸೊಸೆ ನಗಾಡ್ತಾಳೆ. ಕುಪ್ಪಸ ಹರಿದೈತೆ ಅಂದ್ರೆ ಯಾರು ನಗ್ತಾರೆ?”

ಹಾಗೆಂದವಳೇ ಸೀಮೆಸುಣ್ಣ ಎತ್ತಿಕೊಂಡು ನೆಲದ ಮೇಲೆ ‘ಏ’ ಬರೆದಳು. ಕೊಂಡಿ ತುಸು ದೊಡ್ಡದೇ ಆಯಿತು.

“ಏಡಿ,” ಎಂದಳು.

ಸಿಸ್ಟರ್ ಬಗ್ಗಿ ಅದನ್ನು ನೋಡಿದರು. “ಯಾವ ಏಡಿ?”

ಗುಡ್ಡಮ್ಮ ಸರಿದು ಜಾಗ ಕೊಟ್ಟಳು. ಸಿಸ್ಟರ್ ಬೀಗವನ್ನು ಪಕ್ಕಕ್ಕಿಟ್ಟು ಕೂತರು. ನಾನು ಸೂಜಿಗೆ ದಾರ ಪೋಣಿಸಿದೆ.